ಗ್ರೀಕ್ ಪುರಾಣದ ಕ್ರೂರ ಕಥೆಗಳನ್ನು ಒಂಬತ್ತು ವರ್ಷದ ಮಗಳಿಗೆ ಹೇಗೆ ಹೇಳುವುದು?

ಅಪಹರಣ, ಸಾವು, ಹೆತ್ತ ಮಕ್ಕಳನ್ನೇ ನುಂಗುವ ದೇವರು, ಇವನ್ನೆಲ್ಲ ತೆಗೆದುಹಾಕಿ ಹೇಳಬಹುದಾ ಅಂತ ಕೇಳಿದ್ದೀರಿ. ನಾನು ಮಕ್ಕಳಿಗೆ ಈ ಕಥೆಗಳನ್ನು ಹೇಳುತ್ತಾ ಬಂದಿದ್ದೇನೆ. ರಕ್ತಪಾತ ಬಿಡಿ, ತೊಂದರೆಯಿಲ್ಲ. ದುಃಖವನ್ನು ಮಾತ್ರ ಬಿಡಬೇಡಿ.

ಇಕಾರಸ್‌ನ ಕಥೆಯನ್ನೇ ತಗೊಳ್ಳಿ. ಕ್ರೀಟ್ ದ್ವೀಪದ ರಾಜ ಮೈನಾಸ್ ಶಿಲ್ಪಿ ಡೀಡಲಸ್‌ನನ್ನೂ ಅವನ ಮಗ ಇಕಾರಸ್‌ನನ್ನೂ ಅಲ್ಲಿಂದ ಹೋಗಲು ಬಿಡುವುದಿಲ್ಲ. ನೆಲ, ನೀರು ಎರಡೂ ರಾಜನ ಕೈಯಲ್ಲಿ. ಉಳಿದದ್ದು ಆಕಾಶ. ಆ ದ್ವೀಪದ ಅರ್ಧ ಮನುಷ್ಯ, ಅರ್ಧ ಗೂಳಿ ರಾಕ್ಷಸ ಮಿನೋಟಾರ್ ಹೇಗೆ ಹುಟ್ಟಿತು ಅನ್ನೋದೆಲ್ಲ ಈಗ ಬೇಡ, ದೊಡ್ಡವಳಾದ ಮೇಲೆ ಓದಿಕೊಳ್ಳುತ್ತಾಳೆ. ಆದರೆ ರೆಕ್ಕೆ ಕಟ್ಟುವ ಜಾಗದಲ್ಲಿ ಅವಸರ ಮಾಡಬೇಡಿ. ರೋಮನ್ ಕವಿ ಓವಿಡ್ ಅದನ್ನು ಎಷ್ಟು ಚೆನ್ನಾಗಿ ಹೇಳಿದ್ದಾನೆ ಗೊತ್ತಾ? ಅಪ್ಪ ಗರಿಗಳನ್ನು ಸಾಲಾಗಿ ಇಟ್ಟು, ನಡುವೆ ದಾರ ಕಟ್ಟಿ, ಬುಡಕ್ಕೆ ಮೇಣ ಹಚ್ಚುತ್ತಿದ್ದಾನೆ. ಮಗ ಪಕ್ಕದಲ್ಲೇ ನಿಂತು ಗಾಳಿಗೆ ಹಾರುವ ಗರಿ ಹಿಡಿಯುತ್ತಾನೆ, ಹಳದಿ ಮೇಣವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತಗೆ ಮಾಡುತ್ತಾನೆ. ಕೆಲಸಕ್ಕೆ ಬರೀ ಅಡ್ಡಿ! ಆಮೇಲೆ ಅವನಿಗೆ ರೆಕ್ಕೆ ಕಟ್ಟುವಾಗ ಅಪ್ಪನ ಕೈ ನಡುಗುತ್ತದೆ, ಕೆನ್ನೆ ಒದ್ದೆಯಾಗುತ್ತದೆ. ತೀರಾ ಮೇಲೆ ಹೋಗಬೇಡ, ಬಿಸಿಲಿಗೆ ಮೇಣ ಕರಗುತ್ತೆ. ತೀರಾ ಕೆಳಗೂ ಬೇಡ, ನೀರು ತಾಗಿ ಗರಿ ಭಾರವಾಗುತ್ತೆ ಅನ್ನುತ್ತಾನೆ. ಎಷ್ಟೋ ಸಲ ಈ ಎರಡನೇ ಮಾತನ್ನೇ ಬಿಟ್ಟು, ಅಪ್ಪನ ಮಾತು ಕೇಳದ ಹುಡುಗನ ಕಥೆ ಅಂತ ಮುಗಿಸಿಬಿಡುತ್ತಾರೆ. ನನಗೆ ಬೇಸರ ಆಗೋದು ಅಲ್ಲೇ. ಹಾರೋಕೆ ಸಿಕ್ಕಿದರೆ ಯಾವ ಮಗು ತಾನೇ ಮೈಮರೆಯಲ್ಲ? ಹುಡುಗ ಸಮುದ್ರಕ್ಕೆ ಬಿದ್ದ, ಅಪ್ಪ ಹೆಸರು ಹಿಡಿದು ಕೂಗಿದ, ನೀರಿನ ಮೇಲೆ ಗರಿಗಳು ಕಂಡವು ಅಂತ ಇದ್ದ ಹಾಗೇ ಹೇಳಿ. ಅವಳು ಅತ್ತರೆ ಅಳಲಿ, ಪಕ್ಕದಲ್ಲಿ ನೀವಿರುತ್ತೀರಲ್ವಾ. ಅವನ ಹೆಸರಿನ ಇಕಾರಿಯ ಅನ್ನೋ ದ್ವೀಪ ಈಗಲೂ ಏಜಿಯನ್ ಸಮುದ್ರದಲ್ಲಿದೆ, ಮ್ಯಾಪ್‌ನಲ್ಲಿ ತೋರಿಸಿ.

ಪರ್ಸೆಫೊನಿಯ ಕಥೆಯಲ್ಲಿ ಪಾತಾಳದ ದೇವರು ಹೇಡಿಸ್ ಮಾಡಿದ್ದನ್ನು ಪ್ರೀತಿ, ಮದುವೆ ಅಂತ ಸಿಹಿ ಮಾಡಲೇಬೇಡಿ. ಅವಳನ್ನು ಕೇಳದೆ ಎಳೆದುಕೊಂಡು ಹೋದ, ಅದು ತಪ್ಪು ಅಂದರೆ ಸಾಕು. ಮಗಳಿಗಾಗಿ ತಾಯಿ, ಬೆಳೆಯ ದೇವತೆ ಡಿಮೀಟರ್ ಒಂಬತ್ತು ದಿನ ಊಟ ಬಿಟ್ಟು, ಎರಡೂ ಕೈಯಲ್ಲಿ ಪಂಜು ಹಿಡಿದು ಅಲೆಯುತ್ತಾಳೆ. ಆಮೇಲೆ ಅವಳ ಸಿಟ್ಟಿಗೆ ಹೊಲದಲ್ಲಿ ಏನೂ ಬೆಳೆಯುವುದಿಲ್ಲ. ಇದು ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಪರ್ಸೆಫೊನಿ ಪಾತಾಳದಲ್ಲಿ ದಾಳಿಂಬೆ ತಿಂದಿದ್ದರಿಂದ ಪ್ರತಿವರ್ಷ ಸ್ವಲ್ಪ ಕಾಲ ಅಲ್ಲೇ ಇರಬೇಕಾಗುತ್ತದೆ. ಆದರೆ ಕಾಳು ಎಷ್ಟು ತಿಂದಳು ಅನ್ನೋದರಲ್ಲಿ ಹಳೆಯ ಕವಿಗಳಲ್ಲೇ ಒಮ್ಮತವಿಲ್ಲ. ಡಿಮೀಟರ್ ಮೇಲಿನ ಹಳೆಯ ಗ್ರೀಕ್ ಸ್ತೋತ್ರದಲ್ಲಿ ಒಂದು ಕಾಳು, ವರ್ಷದ ಮೂರನೇ ಒಂದು ಪಾಲು ಪಾತಾಳವಾಸ. ಓವಿಡ್‌ನಲ್ಲಿ ಏಳು ಕಾಳು, ಅರ್ಧ ವರ್ಷ.

ಹಾಗಾಗಿ ನೀವು ಏನಾದರೂ ಸೇರಿಸಿದರೂ ತಪ್ಪಿಲ್ಲ. ಮುಟ್ಟಿದ್ದೆಲ್ಲ ಚಿನ್ನವಾಗುತ್ತಿದ್ದ ರಾಜ ಮೈಡಾಸ್ ಮುಟ್ಟಿ ಚಿನ್ನವಾದ ಅವನ ಮಗಳು ಓವಿಡ್‌ನಲ್ಲಿ ಇಲ್ಲವೇ ಇಲ್ಲ. ಅವಳನ್ನು 1851ರಲ್ಲಿ ಮಕ್ಕಳಿಗೆಂದು ಬರೆಯುವಾಗ ಸೇರಿಸಿದ್ದು ಅಮೆರಿಕದ ಲೇಖಕ ಹಾಥಾರ್ನ್.

ಹೆತ್ತ ಮಕ್ಕಳನ್ನೇ ನುಂಗುವ ದೇವರು ಕ್ರೋನಸ್‌ಗೆ ಹೆದರಬೇಡಿ. ನುಂಗಿದ ಮಕ್ಕಳೆಲ್ಲ ಹೊರಗೆ ಬರುತ್ತಾರೆ. ಬಟ್ಟೆ ಸುತ್ತಿದ ಕಲ್ಲನ್ನು ಮಗು ಅಂತ ಅವನು ನುಂಗುವಾಗ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಇನ್ನು ಹೆಸರುಗಳು: ಡಿಮೀಟರ್‌ಗೆ ರೋಮ್‌ನಲ್ಲಿ ಸಿರೀಸ್, ಪರ್ಸೆಫೊನಿಗೆ ಪ್ರೊಸರ್ಪಿನಾ. ಒಂದು ಕಥೆಗೆ ಒಂದೇ ಕಡೆಯ ಹೆಸರು ಇಟ್ಟುಕೊಳ್ಳಿ, ಇಲ್ಲದಿದ್ದರೆ ಮಗುವಿಗೆ ಗೊಂದಲ ಜಾಸ್ತಿ.