ವೋಲ್ಟಮೆಟ್ರಿಯಲ್ಲಿ (ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆಯುವಾಗ) ಎಸ್‌ಡಿಎಸ್ (ಋಣಾವೇಶದ, ಸೋಪಿನಂಥ ವಸ್ತು) ಹಾಕಿದ ಮೇಲೆ ಡೋಪಮೈನ್ ಪೀಕ್ ದಿನಾ ಜರುಗುತ್ತಿದೆ, ಮಿಸೆಲ್ (ಸೋಪಿನ ಅಣುಗಳ ಗಂಟು) ಪ್ರಭಾವವೇ? 5 ಮಿಲಿಮೋಲಾರ್ ಹಾಕಿದ್ದೇನೆ, ಇನ್ನೂ ಮಿಸೆಲ್ ಆಗಿಲ್ಲ ಅನ್ಸುತ್ತೆ. ಸಿಟಿಎಬಿಗೆ (ಅಂಥದ್ದೇ, ಆದರೆ ಧನಾವೇಶದ್ದು) ಬದಲಾಯಿಸಲೇ?

ಸಿಟಿಎಬಿ ಮಾತು ಆಮೇಲೆ. ಮೊದಲು ನಿಮ್ಮ ಕ್ಯಾಲೊಮೆಲ್ ಎಲೆಕ್ಟ್ರೋಡ್ (ವೋಲ್ಟೇಜ್ ಅಳೆಯೋಕೆ ಆಧಾರವಾಗಿ ಇಡೋದು) ಬೆಳಕಿಗೆ ಹಿಡಿದು ತುದಿ ನೋಡ್ರಿ. ಬೆಳ್ಳಗೆ ಏನಾದರೂ ಕೂತಿದೆಯಾ?

ದುರ್ಗದಿಂದ ದಿನಾ ಬಸ್ಸಲ್ಲಿ ದಾವಣಗೆರೆಗೆ ಬಂದು ಎಂಎಸ್ಸಿ ಪ್ರಾಜೆಕ್ಟ್ ಮಾಡ್ತಿದ್ದೆ. ಇದೇ ಡೋಪಮೈನ್, ಇದೇ ಎಸ್‌ಡಿಎಸ್, ಡೋಪಮೈನ್ ಅಳೆಯೋಕೆ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್. ಮೊದಲ ವಾರ ಪೀಕ್ 20 ಮಿಲಿವೋಲ್ಟ್ ಜರುಗಿತು, ಎರಡನೇ ವಾರ 45. 'ಮಿಸೆಲ್ ಪ್ರಭಾವ' ಅಂತ ದಪ್ಪಕ್ಷರದಲ್ಲಿ ಬರೆದು, ಗೆಳೆಯರಿಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದೆ.

ಬಫರ್ (ಪಿಎಚ್ ಕಾಯುವ ದ್ರಾವಣ) ಸೋಡಿಯಂ ಉಪ್ಪಿನದೇ, ಅದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಕ್ಯಾಲೊಮೆಲ್ ಹೊಟ್ಟೆಯಲ್ಲಿ. ಅಲ್ಲಿರೋದು ಸ್ಯಾಚುರೇಟೆಡ್ ಪೊಟ್ಯಾಸಿಯಂ ಕ್ಲೋರೈಡ್. ತುದಿಯಿಂದ ಅದು ಸದಾ ಚೂರು ಜಿನುಗುತ್ತೆ, ಜಿನುಗಲೇಬೇಕು. ಹೊರಗೆ ಎಸ್‌ಡಿಎಸ್ ಕಾಯ್ತಿರುತ್ತೆ. ಅದರ ಸೋಡಿಯಂ ಉಪ್ಪು ಸಲೀಸಾಗಿ ಕರಗುತ್ತೆ, ಪೊಟ್ಯಾಸಿಯಂ ಉಪ್ಪು ಕರಗಲ್ಲ. ಟೆಸ್ಟ್ ಟ್ಯೂಬಲ್ಲಿ ಎಸ್‌ಡಿಎಸ್‌ಗೆ ಒಂದು ಚಿಟಿಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ನೋಡಿ, ಒಡೆದ ಹಾಲು! ಬಿಸಿನೀರಲ್ಲಿಟ್ಟರೆ ತಿಳಿಯಾಗುತ್ತೆ, ತಣಿದರೆ ಮತ್ತೆ ಅದೇ. ಆ ಹಾಲೇ ನನ್ನ ಎಲೆಕ್ಟ್ರೋಡಿನ ಬಾಯಿ ಕಟ್ಟಿತ್ತು. ಅಳತೆಗೋಲೇ ಸರಿದಾಡುವಾಗ ನಾನು ಬಟ್ಟೆ ಉದ್ದವಾಯ್ತು ಅಂತ ಕುಣಿದಿದ್ದೆ.

ಗೊತ್ತಾಗಿದ್ದೂ ಆಕಸ್ಮಿಕ. ಒಂದಿನ ಪೇಸ್ಟನ್ನು ಕಾಗದದ ಮೇಲೆ ಉಜ್ಜಿ ಹೊಸದು ಮಾಡಿ, ಎಸ್‌ಡಿಎಸ್ ಇಲ್ಲದ ಬಫರಲ್ಲಿ ಓಡಿಸಿದೆ. ಪೀಕ್ ಹಳೇ ಜಾಗಕ್ಕೆ ಬರಲೇ ಇಲ್ಲ. ಅಂದರೆ ಸರಿದದ್ದು ಕ್ಯಾಲೊಮೆಲ್ಲೇ. ಎರಡು ತಿಂಗಳ ಗ್ರಾಫ್ ಕಸದ ಬುಟ್ಟಿಗೆ.

ಕ್ಯಾಲೊಮೆಲ್‌ಗೆ ಸ್ಯಾಚುರೇಟೆಡ್ ಸೋಡಿಯಂ ಕ್ಲೋರೈಡ್ ತುಂಬ್ರಿ. ಪೊಟೆನ್ಶಿಯಲ್ ಸ್ವಲ್ಪ ಬೇರೆ ಆಗುತ್ತೆ, ರಿಪೋರ್ಟಲ್ಲಿ ಹೇಳಿಬಿಡಿ. ದಿನಾ ಶುರುವಿಗೊಮ್ಮೆ ಕೊನೆಗೊಮ್ಮೆ ಎಸ್‌ಡಿಎಸ್ ಇಲ್ಲದ ರನ್ ಇರಲಿ.

ಇನ್ನು ಸಿಟಿಎಬಿ. ಪಿಎಚ್ 7ರಲ್ಲಿ ಡೋಪಮೈನ್ ಧನಾವೇಶದ್ದು, ಸಿಟಿಎಬಿಯೂ ಧನಾವೇಶದ್ದೇ. ಯಾಕ್ರೀ ಬೇಕು ಆ ಜಗಳ? ಎಸ್‌ಡಿಎಸ್‌ನಿಂದ ಕರೆಂಟ್ ಏರಿದರೆ ಅದು ಹೆಚ್ಚಾಗಿ ಕಾರ್ಬನ್ ಪೇಸ್ಟ್ ಮೇಲೆ ಹಾಸಿಕೊಂಡ ಎಸ್‌ಡಿಎಸ್‌ನ ಋಣಾವೇಶದ ಪದರದ ಕೆಲಸ. ಮಿಸೆಲ್ ಅಂದರೆ ಸುಮಾರು 60 ಅಣುಗಳ ಗಂಟು; ಅದಕ್ಕೆ ಅಂಟಿಕೊಂಡ ಅಣು ನಿಧಾನಕ್ಕೆ ಸಾಗುತ್ತೆ, ಕರೆಂಟ್ ಇಳಿಯುತ್ತೆ. ಇಳಿದರೆ ಪ್ರಯೋಗ ಕೆಟ್ಟಿತು ಅಂತಲ್ಲ, ಅದೇ ಫಲಿತಾಂಶ.

'5 ಮಿಲಿಮೋಲಾರ್ ಹಾಕಿದ್ದೇನೆ, ಇನ್ನೂ ಮಿಸೆಲ್ ಆಗಿಲ್ಲ' ಅಂದಿದ್ದೀರಲ್ಲ, ಅದನ್ನು ಹೊಡೆದುಹಾಕಿ. ಮಿಸೆಲ್ ಕಟ್ಟೋಕೆ 8 ಮಿಲಿಮೋಲಾರ್ ಬೇಕು ಅನ್ನೋ ಪುಸ್ತಕದ ಮಾತು ಬರೀ ನೀರಿನ ಲೆಕ್ಕ. 0.1 ಮೋಲಾರ್ ಸೋಡಿಯಂ ಕ್ಲೋರೈಡ್ ಇದ್ದರೆ ಸುಮಾರು 1.5 ಮಿಲಿಮೋಲಾರ್‌ಗೇ ಮಿಸೆಲ್ ಕಟ್ಟುತ್ತೆ.

ತುದಿಯ ಫೋಟೋ ಹಾಕ್ರಿ, ನೋಡ್ತೀನಿ.