ಡೊಂಬಿವಲಿಯ ಚಕ್ಕುಲಿ ಆನ್‌ಲೈನ್‌ಗೆ ಹೋಗಬೇಕಾ?

ಮನೆಯ ಚಕ್ಕುಲಿ, ಕೋಡುಬಳೆಯನ್ನು ಡೊಂಬಿವಲಿಯಿಂದ ಆನ್‌ಲೈನ್‌ನಲ್ಲಿ ಮಾರಲು ಜಿಎಸ್‌ಟಿ ಬೇಕಾ, ಲಾಭ ಇದೆಯಾ ಅಂತ ಕೇಳಿದ್ದೀರಿ. ಮಹಾರಾಷ್ಟ್ರದೊಳಗೆ ಮಾತ್ರ ಆದರೆ ಬೇಡ ಮೇಡಂ. ವರ್ಷದ ವಹಿವಾಟು 40 ಲಕ್ಷ ದಾಟದವರಿಗೆ 2023ರ ಅಕ್ಟೋಬರ್ 1ರಿಂದ ವಿನಾಯಿತಿ ಇದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಆದರೆ ಬೆಂಗಳೂರು, ಹುಬ್ಬಳ್ಳಿಗೆ ಮಾರುವುದಾದರೆ ಮೊದಲ ಪೊಟ್ಟಣಕ್ಕೇ ಜಿಎಸ್‌ಟಿ ನೋಂದಣಿ ಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಂತೂ ಎಲ್ಲಿ ಮಾರಿದರೂ ಬೇಕು.

ಲಾಭ ಇದೆ, ಆದರೆ ಕಮಿಷನ್, ಕೊರಿಯರ್, ಪುಡಿಯಾಗಿ ವಾಪಸ್ ಬಂದ ಮಾಲು, ತಡವಾಗಿ ಕೈಸೇರುವ ದುಡ್ಡು, ಇದನ್ನೆಲ್ಲ ಕಳೆದು ಉಳಿಯುವುದೆಷ್ಟು ಅಂತ ನೋಡಿ, ಆರ್ಡರ್ ಜಾಸ್ತಿ ಆಯ್ತು ಅಂತ ಸುಮ್ನೆ ಖುಷಿಪಡಬೇಡಿ. ದೊಡ್ಡ ಆ್ಯಪ್‌ನಲ್ಲಿ ಗಿರಾಕಿಯ ನಂಬರ್ ಕೂಡ ನಿಮ್ಮದಾಗುವುದಿಲ್ಲ, ಅಲ್ವಾ? ನಾನಾದರೆ ಮೊದಲು ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಹಾಕಿ, ಯುಪಿಐನಲ್ಲಿ ದುಡ್ಡು ತಗೊಂಡು, ಠಾಣೆ, ಕಲ್ಯಾಣದವರಿಂದ ಶುರು ಮಾಡುತ್ತಿದ್ದೆ.