ಬೇಸಿಗೆಯ ಕೊನೆಗೆ ಅರಳುವ ಕ್ಯಾಲಿಫೋರ್ನಿಯಾ ಫ್ಯೂಷಿಯ

ಪ್ರಶ್ನೆ: ನಾವು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿದ್ದೇವೆ. ಮಕರಂದ ಹೀರುವ ಪುಟ್ಟ ಹಕ್ಕಿಗಳಾದ ಹಮ್ಮಿಂಗ್‌ಬರ್ಡ್‌ಗಳು ಬರಲೆಂಬ ಆಸೆಯಿಂದ ಮೇ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾ ಫ್ಯೂಷಿಯ ನೆಟ್ಟೆವು. ದಿನವೂ ನೀರು ಹಾಕಿ, ಗೊಬ್ಬರ ಕೊಟ್ಟರೂ ಗಿಡ ಸೊಪ್ಪಾಗಿ ಬೆಳೆದು ನೆಲಕ್ಕೊರಗಿದೆ, ಹೂ ವಿರಳ. ಏನು ಮಾಡಬೇಕು? ತುಮಕೂರಿನಲ್ಲಿರುವ ನನ್ನ ತಾಯಿಗೂ ಬೀಜ ಕಳುಹಿಸಬಹುದೇ?

ಉತ್ತರ: ನಿಮ್ಮ ಗಿಡಕ್ಕೆ ರೋಗವೇನೂ ತಗುಲಿದಂತಿಲ್ಲ, ಆರೈಕೆ ಅತಿಯಾಗಿದೆ. ಚಳಿಗಾಲದ ಮಳೆಯಲ್ಲಿ ಬೇರು ಬಿಟ್ಟು, ತಿಂಗಳುಗಟ್ಟಲೆ ಮಳೆಯಿಲ್ಲದ ಬೇಸಿಗೆಯನ್ನು ದಾಟಿ, ಗುಡ್ಡದ ಉಳಿದ ಹೂಗಳೆಲ್ಲ ಒಣಗಿದ ಮೇಲೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೆಂಪಗೆ ಅರಳುವುದು ಇದರ ಸ್ವಭಾವ. ಹಕ್ಕಿಗಳಿಗೆ ಮಕರಂದ ವಿರಳವಾಗುವ ಕಾಲವೂ ಅದೇ ಆದ್ದರಿಂದ, ಆ ಊರಿನಲ್ಲಿ ವರ್ಷವಿಡೀ ಇರುವ ಆನಾಸ್ ಹಮ್ಮಿಂಗ್‌ಬರ್ಡ್ ಈ ನಳಿಗೆಯಾಕಾರದ ಹೂಗಳನ್ನು ಬಹಳವಾಗಿ ಹುಡುಕಿಕೊಂಡು ಬರುತ್ತದೆ.

ಗೊಬ್ಬರವನ್ನು ಪೂರ್ತಿಯಾಗಿ ನಿಲ್ಲಿಸಿ. ಮೇ ತಿಂಗಳಿನಲ್ಲಿ ನೆಟ್ಟ ಗಿಡವಾದ್ದರಿಂದ ಈ ಮೊದಲ ಬೇಸಿಗೆಯಲ್ಲಿ ಮಾತ್ರ, ಮೇಲ್ಮಣ್ಣು ಒಣಗಿದೆಯೆಂದು ನೋಡಿಕೊಂಡು, ವಾರಕ್ಕೊಮ್ಮೆ ಬೇರಿನಾಳಕ್ಕೆ ಇಳಿಯುವಂತೆ ನೀರು ಕೊಡಿ. ಬೇರೂರಿದ ಮೇಲೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕು. ನಿಮ್ಮದು ಜಿಗುಟು ಮಣ್ಣಾಗಿದ್ದರೆ ಬೆಚ್ಚಗಿನ ಕಾಲದ ನಿಂತ ತೇವವೇ ಬೇರನ್ನು ಕೊಳೆಸುತ್ತದೆ. ಇನ್ನು ಮುಂದೆ ಹೊಸ ಗಿಡಗಳನ್ನು ಮಳೆ ಆರಂಭವಾಗುವ ನವೆಂಬರ್ ಹೊತ್ತಿಗೆ, ದಿನವಿಡೀ ಬಿಸಿಲು ಬೀಳುವ ಕಡೆ, ಒಂದಡಿ ಎತ್ತರದ ದಿಬ್ಬ ಮಾಡಿ ನೆಡುವುದು ಕ್ಷೇಮ. ತೋಟದಲ್ಲಿ ಬೆಳೆಸುವ ಸಾಮಾನ್ಯ ಫ್ಯೂಷಿಯಕ್ಕೆ ಹೇಳುವ ನೆರಳು ಮತ್ತು ನಿತ್ಯದ ತೇವ ಇದಕ್ಕೆ ಸಲ್ಲವು.

ಹೂ ಮುಗಿದ ಮೇಲೆ, ಡಿಸೆಂಬರ್ ಸುಮಾರಿಗೆ, ಗಿಡವನ್ನು ನೆಲದಿಂದ ಮೂರು ನಾಲ್ಕು ಅಂಗುಲ ಬಿಟ್ಟು ಧೈರ್ಯವಾಗಿ ಕತ್ತರಿಸಿ. ನೆಲದೊಳಗಿನ ಕಾಂಡಗಳಿಂದ ವಸಂತದಲ್ಲಿ ಹೊಸ ಚಿಗುರುಗಳು ಒತ್ತಾಗಿ ಏಳುತ್ತವೆ, ಒರಗುವುದೂ ಕಡಿಮೆಯಾಗುತ್ತದೆ. ಕೀಟನಾಶಕವನ್ನಂತೂ ದಯವಿಟ್ಟು ಸಿಂಪಡಿಸಬೇಡಿ, ಏಕೆಂದರೆ ಹಮ್ಮಿಂಗ್‌ಬರ್ಡ್ ತನ್ನ ಮರಿಗಳನ್ನು ಸಾಕುವುದು ಮುಖ್ಯವಾಗಿ ಸಣ್ಣ ಕೀಟ, ಜೇಡಗಳಿಂದ.

ತಾಯಿಯವರಿಗೆ ಬೀಜ ಕಳುಹಿಸುವ ಯೋಚನೆ ಬೇಡ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರಗಳಿಲ್ಲದೆ ಬೀಜವನ್ನು ಭಾರತಕ್ಕೆ ತರುವಂತಿಲ್ಲ. ಒಣ ಬೇಸಿಗೆಗೆ ಒಗ್ಗಿದ ಈ ಗಿಡಕ್ಕೆ ತುಮಕೂರಿನ ಮಳೆಗಾಲ ಹಿಡಿಸುವುದೂ ಕಷ್ಟ. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ತಾಯಿಯವರು ನಮ್ಮ ಒಣಗುಡ್ಡಗಳದೇ ಪೊದೆಯಾದ ತಾಮ್ರಪುಷ್ಪಿಯನ್ನು ಬಿಸಿಲಿನಲ್ಲಿ ನೆಟ್ಟರೆ, ಅದರ ಕೆಂಪು ಹೂಗಳಿಗೆ ಸೂರಕ್ಕಿಗಳು ಬರುತ್ತವೆ.